ಜೀಪನ್ನು ಎತ್ತರಿಸುವ ಬಗೆ

ನಮ್ಮ ಜೀಪಿಗೆ ಬಾಗಿಲುಗಳಿಲ್ಲ. ಮಳವಳ್ಳಿಯ ನಮ್ಮ ಮನೆಯ ಮುಂದಿನ ಹೊಂಗೆಯ ನೆರಳಿನಲ್ಲಿ ಅದು ನಿಂತಿರುವಾಗ ಬೀದಿಯ ಬೆಕ್ಕೊಂದು ಯಾರ ಅಪ್ಪಣೆಯನ್ನೂ ಕೇಳದೆ ಒಳಹೊಕ್ಕು, ಸೀಟಿನ ಮೇಲೆ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಮಿತ್ರರೇ, ಜೀಪು ನನ್ನದಲ್ಲ, ನನ್ನ ಹೆಂಡತಿ ರತ್ನಳದು. ಅವಳ ತಂದೆಯಿಂದ ಬಂದದ್ದು. ನಾನು ಕಾಲೇಜಿನಲ್ಲಿ ಜೀವಮಾನವೆಲ್ಲ ಸಂಧಿ ಬಿಡಿಸುತ್ತ ಕಳೆದವನು. ಜೀಪಿಗೂ ಸಂಧಿಗಳಿವೆ, ಅವೂ ಸವೆಯುತ್ತವೆ, ಸಡಿಲವಾಗುತ್ತವೆ ಎಂದು ನಾನು ತಿಳಿದದ್ದು ನಿವೃತ್ತನಾದ ಮೇಲೆ, ಅವಳಿಂದ.

ಪೂರಿಗಾಲಿಯ ಬಳಿ ನಮಗೆ ತುಸು ಜಮೀನಿದೆ. ಅದನ್ನು ನೋಡಿಕೊಳ್ಳುತ್ತಿದ್ದವಳೂ ಅಲ್ಲಿಗೆ ಜೀಪು ಓಡಿಸಿಕೊಂಡು ಹೋಗುತ್ತಿದ್ದವಳೂ ಅವಳೇ. ಕಾಲುವೆ ಏರಿಯ ಆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಎರಡೂ ಬದಿ ಆಳವಾದ ಚಕ್ರದ ಜಾಡು ಬಿದ್ದು, ನಡುವಿನ ದಿಬ್ಬ ಮಾತ್ರ ಹುಲ್ಲು ಹೊತ್ತು ಎದ್ದು ನಿಂತಿತ್ತು. ಜೀಪಿನ ಹೊಟ್ಟೆ ಆ ದಿಬ್ಬಕ್ಕೆ ಉಜ್ಜುವ ಸದ್ದು ಕೇಳಿದಾಗಲೆಲ್ಲ ರತ್ನ ತನ್ನದೇ ಚರ್ಮ ತರಚಿದಂತೆ ಮುಖ ಕಿವುಚುತ್ತಿದ್ದಳು. ಜೀಪನ್ನು ಎತ್ತರಿಸಬೇಕೆಂದು ಅವಳು ನಿಶ್ಚಯಿಸಿದ್ದು ಹಾಗೆ.

ಮೆಕ್ಯಾನಿಕ್ ಸಿದ್ದರಾಜುವೂ ಅವಳೂ ಕೂತು ಯೋಜನೆ ಹಾಕಿದರು. ಒಂದೇ ಸಲಕ್ಕೆ ಎತ್ತಬಾರದು. ಮೊದಲು ಗಾಡಿಯ ಭಾರ ಹೊತ್ತು ಕುಗ್ಗಿಹೋದ ಕಮಾನುಪಟ್ಟಿಗಳನ್ನೂ ಅವುಗಳ ಕೀಲಿನಲ್ಲಿ ಸವೆದ ರಬ್ಬರ್ ಬುಷ್‌ಗಳನ್ನೂ ಬದಲಿಸಿ ಜೀಪಿಗೆ ಅದರ ಮೂಲದ ನಿಲುವನ್ನು ಮರಳಿ ಕೊಡುವುದು. ಒಂದು ಬೆಳೆಯಷ್ಟು ಕಾಲ ಓಡಿಸಿ ನೋಡಿ, ಆಮೇಲೆ ಕಮಾನಿಗೆ ಇನ್ನೊಂದು ಪಟ್ಟಿ, ಅದಕ್ಕೆ ಒಪ್ಪುವ ಉದ್ದದ ಶಾಕ್ ಅಬ್ಸಾರ್ಬರ್, ಬ್ರೇಕಿನ ಪೈಪು. ಕಟ್ಟಕಡೆಗೆ ದೊಡ್ಡ ಟೈರು.

"ಒಂದೇ ಸಲ ಎತ್ತುಬುಟ್ರೆ ಜಾಯಿಂಟು ಕಿತ್ಕಂಡೋಯ್ತವೆ ಅಲ್ವಾ?" ಎಂದಳು ರತ್ನ.

"ಊಂ ಕಣಕ್ಕ. ಓಡ್ಸೋರ್ಗೂ ಅಬ್ಯಾಸ ಆಗ್ಬೇಕು. ಎತ್ತರದ್ ಗಾಡಿ ವಾಲ್ತದೆ" ಎಂದ ಸಿದ್ದರಾಜು.

ಕೆಲಸಕ್ಕೆ ದಿನ ಗೊತ್ತುಮಾಡಿ ಬಂದ ವಾರದಲ್ಲೇ, ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ರತ್ನಳ ಎಡಗೈಯಲ್ಲಿದ್ದ ಕೂದಲಿನ ಎಳೆ ಜಾರಿತು. ಅವಳು ಕೈಯನ್ನೇ ನೋಡುತ್ತ ಕೂತಳು. ನನ್ನನ್ನು ಕರೆಯಲು ಬಾಯಿ ತೆರೆದಾಗ ಮಾತು ಒಂದು ಪಕ್ಕಕ್ಕೆ ಎಳೆದುಕೊಂಡಿತು. ಮಂಡ್ಯದ ಆಸ್ಪತ್ರೆಯವರು ಜೀವ ಉಳಿಸಿಕೊಟ್ಟರು. ಎಡಗಾಲು ಮಾತ್ರ ಎಳೆಯುವ ಕಾಲಾಗಿ, ಊರುಗೋಲಿನ ಜೊತೆ ಮನೆಗೆ ಬಂತು. ಅಂಗಳದಲ್ಲಿ ಹಲಗೆಯ ಮೇಲೊಂದು ಹಲಗೆ ಏರಿಸುತ್ತ, ಹತ್ತಿ ಇಳಿಯುವುದನ್ನು ಅವಳು ಮಗುವಿನಂತೆ ಮತ್ತೆ ಕಲಿಯತೊಡಗಿದಳು.

ಜೀಪಿನ ಕೆಲಸ ಬೇಡವೆಂದು ನಾನು ಸಿದ್ದರಾಜುವಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಇದ್ದ ಎತ್ತರವನ್ನೇ ಹತ್ತಲಾರದವಳಿಗೆ ಇನ್ನೂ ಎತ್ತರದ ಗಾಡಿ ಯಾಕೆ? ನನ್ನದು ಕರುಣೆಯೆಂದೇ ನಾನು ನಂಬಿದ್ದೆ. ಪಕ್ಕದ ಕೋಣೆಯಿಂದ ತೊದಲಿದರೂ ಗಟ್ಟಿಯಾದ ದನಿ ಬಂತು.

"ಯಾರನ್ನ ಕೇಳಿ ಬ್ಯಾಡ ಅಂದ್ರಿ?"

ಹೋಗಿ ನೋಡಿದೆ. ಸಿಟ್ಟಿನಿಂದ ಅವಳ ಕಣ್ಣು ತುಂಬಿತ್ತು.

"ಆ ಗಾಡಿನ ನೋಡ್ದಾಗೆಲ್ಲ ನನ್ ಕಾಲೇ ಕಾಣ್ಬೇಕಾ ನಂಗೆ? ಮೊದಲ್ನೇದು ಮಾಡ್ಸಿ. ಅದನ್ನ ನಾನು ಅತ್ತಿ ಇಳ್ಯೋದು ಕಲ್ತ ಮ್ಯಾಲೆ ಎರಡ್ನೇದು."

ಹೀಗೆ ಜೀಪು ಮೊದಲ ಸಲ ಮೇಲೆದ್ದಿತು. ಬಲಗೈಯಲ್ಲಿ ಸೀಟಿನ ಮುಂದಿನ ಕಬ್ಬಿಣದ ಹಿಡಿಯನ್ನು ಹಿಡಿದು, ಬಲಗಾಲು ಮೊದಲಿಟ್ಟು, ಎಡಗಾಲನ್ನು ಒಪ್ಪಿಸಿ ಕರೆದುಕೊಳ್ಳುವಂತೆ ಮೇಲೆಳೆದು, ಅವಳು ಮಾಗಿಯ ಹೊತ್ತಿಗೆ ತಾನೇ ಹತ್ತಿ ಕೂತಳು. ನಾನು ಓಡಿಸುವುದನ್ನು ಕಲಿತೆ. ಪಕ್ಕದ ಸೀಟಿನಿಂದ ಬೈಗುಳದ ಪಾಠ ಧಾರಾಳವಾಗಿ ಸಿಕ್ಕಿತು.

ಎರಡನೆಯ ಹಂತ ಅಷ್ಟು ಸಲೀಸಾಗಲಿಲ್ಲ. ಹೊಸ ಪಟ್ಟಿ ಕೂರಿಸಿಕೊಂಡು ಬಂದ ಜೀಪಿನ ಮುಂದೆ ನಿಂತು ಹಿಡಿಗೆ ಕೈ ಚಾಚಿದವಳು ಅರ್ಧಕ್ಕೇ ಕುಸಿದು ಹೊಂಗೆಯ ಬುಡದಲ್ಲಿ ಕೂತುಬಿಟ್ಟಳು. ಎತ್ತಲು ಹೋದ ನನ್ನ ಕೈಯನ್ನು ತಳ್ಳಿದಳು. ಒಬ್ಬರ ದೇಹದೊಳಗೆ ನಡೆಯುವ ಹೋರಾಟಕ್ಕೆ ಇನ್ನೊಬ್ಬರು, ಎಷ್ಟೇ ಹತ್ತಿರದವರಾದರೂ, ಹೊರಗಿನವರೇ. ಪಕ್ಕದಲ್ಲಿ ಕೂತಿರುವುದಷ್ಟೇ ನಮ್ಮ ಕೈಲಾಗುವುದು. ನಾನೂ ಮಣ್ಣಿನ ಮೇಲೆ ಕೂತೆ. ಕೊನೆಗೆ ಅವಳೇ ನನ್ನ ಭುಜಕ್ಕೆ ಕೈಯೂರಿ ಎದ್ದಳು. ಆಮೇಲಿನ ವಾರಗಳಲ್ಲಿ ಪ್ರತಿದಿನವೂ ಆ ಹಿಡಿಗೆ ಕೈ ಹಾಕಿದಳು. ಒಂದು ದಿನ ಸದ್ದಿಲ್ಲದೆ ಹತ್ತಿ ಕೂತು, ತಡವೇಕೆಂಬಂತೆ ನನ್ನತ್ತ ನೋಡಿದಳು.

ಅವತ್ತೇ ಪೂರಿಗಾಲಿಗೆ ಹೊರಟೆವು. ಏರಿಯ ದಿಬ್ಬದ ಮೇಲೆ ಜೀಪು ಸಾಗಿತು. ಹುಲ್ಲು ಮಾತ್ರ ತಳವನ್ನು ಸವರಿತು, ಮಣ್ಣು ತಾಗಲಿಲ್ಲ. ರತ್ನ ಕಣ್ಣು ಮುಚ್ಚಿ ಆ ಸದ್ದಿಲ್ಲದಿರುವಿಕೆಯನ್ನು ಕೇಳುತ್ತಿದ್ದಳು. ಆದರೆ ಜಮೀನಿಗೆ ತುಸು ಮುಂಚೆ ಕಾಲುವೆಯ ನೀರು ದಾರಿಯನ್ನು ಕೊರೆದು ಹಳ್ಳ ಮಾಡಿತ್ತು. ಚಕ್ರ ಇಳಿಸಿದೊಡನೆ ಗಾಡಿ ವಾಲಿತು. ಹೇಗೋ ಹಿಂದಕ್ಕೆ ತೆಗೆದು ನಿಲ್ಲಿಸಿದೆ.

"ದೊಡ್ಡ ಟೈರು ಹಾಕಿಸಿದ್ದರೆ ದಾಟ್ತಿತ್ತೇನೋ" ಎಂದೆ.

"ದಾಟ್ತಿತ್ತು" ಎಂದಳು ರತ್ನ. "ಆಮೇಲೆ ನನ್ ಕೈಲಿ ಇಳ್ಯೋಕಾಯ್ತಿರ್ನಿಲ್ಲ. ಇಷ್ಟ್ ಎತ್ತರ ಸಾಕು ಬುಡಿ. ಒಸಿ ದೂರ ತಾನೆ, ನಡ್ಕಂಡೋಗವ."

ಇಳಿದೆವು. ಹಳ್ಳದ ಅಂಚಿನಲ್ಲಿ ಜನ ನಡೆದು ಗಟ್ಟಿಯಾದ ಕಿರಿದಾರಿಯೊಂದಿತ್ತು. ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿರಲಿಲ್ಲ. ನಾನು ಮುಂದೆ ಹೋಗಿ ಕೈ ಕೊಡಲೇ ಎಂದು ನೋಡಿದೆ. ಅಷ್ಟರಲ್ಲಿ ಅವಳು ಕೋಲೂರಿ ಹೆಜ್ಜೆ ಇಟ್ಟಾಗಿತ್ತು. ಎಡಗಾಲು ಧೂಳಿನಲ್ಲಿ ಗೆರೆ ಎಳೆಯುತ್ತ ಹೋಯಿತು. ಆ ಗೆರೆಯನ್ನು ತುಳಿಯದಂತೆ ನಾನು ಹಿಂದೆ ನಡೆದೆ.