ಉರಿ ಕಾಯುವ ಕಡ್ಡಿ

ನನಗೆ ವಾಸನೆ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಬಂದ ಜ್ವರ ಹೋಗುವಾಗ ಅದನ್ನೂ ಕರೆದುಕೊಂಡು ಹೋಯಿತು. ಒಗ್ಗರಣೆ ಸೀದರೂ ಅಷ್ಟೆ, ಮಲ್ಲಿಗೆ ಮುಡಿದರೂ ಅಷ್ಟೆ. ಅದಕ್ಕಾಗಿ ನಾನೇನೂ ಅಳುತ್ತ ಕೂತವಳಲ್ಲ. ನನ್ನ ಭಯವೆಲ್ಲ ಗ್ಯಾಸಿನದು. ಬನಹಟ್ಟಿಯ ನಮ್ಮ ಮನೆಯ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವ ಕೋಣೆಯಿದೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂರು ಕೊಪ್ಪರಿಗೆ, ಕೆಳಗೆ ದೊಡ್ಡ ದೊಡ್ಡ ಬರ್ನರ್. ದಿನದ ಬಹುಪಾಲು ನಾನು ಅವುಗಳ ಮುಂದೆಯೇ ಇರುತ್ತೇನೆ.

ಒಂದು ಮಧ್ಯಾಹ್ನ ಗಾಳಿಗೆ ಉರಿ ಆರಿಹೋಗಿತ್ತು. ನಾನು ನೂಲಿನ ಲಡಿ ಹಿಂಡುತ್ತ ಆರಾಮಾಗಿ ನಿಂತಿದ್ದೆ. ಪಕ್ಕದಲ್ಲೇ ಮಗ್ಗಗಳ ಗದ್ದಲ, ಗ್ಯಾಸಿನ ಸದ್ದು ಕೇಳುವುದೆಲ್ಲಿಂದ ಬಂತು? ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಗೆ ವಾಸನೆ ಹತ್ತಿ, ಓಡಿಬಂದು ಸಿಲಿಂಡರ್ ಬಂದ್ ಮಾಡಿ, ನನ್ನ ರಟ್ಟೆ ಹಿಡಿದು ಹೊರಗೆಳೆದರು. ಅಂದಿನಿಂದ ನನಗೆ ಸಮಾಧಾನ ಎಂಬುದಿಲ್ಲ. ಲಡಿ ಅದ್ದುವುದು, ಬಗ್ಗಿ ಉರಿ ನೋಡುವುದು, ಎದ್ದು ಹಿಂಡುವುದು, ಮತ್ತೆ ಬಗ್ಗುವುದು.

ಕಡೆಗೆ ನಮ್ಮವರ ಬೆನ್ನು ಹತ್ತಿ ಸ್ಟ್ಯಾಂಡಿಗೆ ಆಟೋಮ್ಯಾಟಿಕ್ ಕೂರಿಸಿದೆ. ಜಮಖಂಡಿಯಿಂದ ಫಿಟ್ಟರ್ ಬಂದ. ಬಣ್ಣದ ನೀರು ಬೇಕಾದಷ್ಟು ಕಾದರೆ ಉರಿ ತಾನೇ ತಗ್ಗುತ್ತದೆ. ಅದು ಹಾಗಿರಲಿ, ನನಗೆ ಬೇಕಾದದ್ದು ಬೇರೆಯೇ ಇತ್ತು. ಪ್ರತಿ ಬರ್ನರಿನ ಬಾಯಲ್ಲಿ ಅವನು ಒಂದೊಂದು ತೆಳ್ಳನೆಯ ಕಡ್ಡಿ ನಿಲ್ಲಿಸಿದ. ಉರಿ ಅದಕ್ಕೆ ತಾಗುತ್ತಿದ್ದರೆ ಮಾತ್ರ ಗ್ಯಾಸು. ಉರಿ ಆರಿದರೆ ವಾಲ್ವ್ ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಕಡ್ಡಿಯೇ ಈ ಮಷೀನಿನ ಜೀವ ಎಂದು ಅವನು ಅತ್ತೆಗೂ ತಿಳಿಸಿ ಹೇಳಿ ಹೋದ.

ಕೆಲವು ದಿನ ನೆಮ್ಮದಿಯಿಂದಿದ್ದೆ. ಆಮೇಲೆ ಒಲೆಗೆ ಏನು ಬಡಿಯಿತೋ, ಹೊತ್ತಿಕೊಳ್ಳುವುದು, ಟಕ್ಕೆಂದು ಆರುವುದು, ಇದೇ ಆಟ ಶುರುವಾಯಿತು. ನೀರು ಸರಿಯಾಗಿ ಕಾಯದೆ ನೂಲು ಒಂದು ಕಡೆ ಕೆಂಪು, ಇನ್ನೊಂದು ಕಡೆ ಪೇಲವ ಗುಲಾಬಿ. ರಬಕವಿಯ ವ್ಯಾಪಾರಿಯದು ಫೋನಿನ ಮೇಲೆ ಫೋನು. ಫಿಟ್ಟರ್ ಮುಧೋಳದಲ್ಲಿ ಬೇರೆ ಕೆಲಸ ಹಿಡಿದಿದ್ದ. ತಾನು ಬರುವವರೆಗೆ ಕಡ್ಡಿಯ ಗೊಡವೆ ಬಿಟ್ಟು ವಾಲ್ವಿಗೆ ನೇರ ವೈರು ಕೊಡಿ ಎಂದು ಫೋನಿನಲ್ಲೇ ಹೇಳಿಬಿಟ್ಟ.

ನಮ್ಮವರು ಕೊಟ್ಟರು. ಒಲೆ ಭರ್ಜರಿಯಾಗಿ ಉರಿಯಿತು. ಈಗ ಉರಿ ಆರಿದರೆ ಗ್ಯಾಸು ನಿಲ್ಲುತ್ತದೆಯೇ ಎಂದು ಕೇಳಿದೆ. ಸ್ಕ್ರೂಡ್ರೈವರ್ ಜೇಬಿಗಿಳಿಸುತ್ತ ಅವರು ಹೇಳಿದರು:

"ಇಲ್ಲ. ಆದ್ರ ವಾಸನಿ ಬರತೈತೆಲ್ಲ, ಬಂದ್ ಮಾಡೀದ್ರಾತು."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನಾನು ಸೀಯಿಸಿದ ಪಲ್ಯ ತಿಂದು ಗೊಣಗಿ, ಈ ಮನುಷ್ಯ ನನ್ನ ಮೂಗನ್ನೇ ಮರೆತಿದ್ದರು. ಸಿಲಿಂಡರ್ ಬಂದ್ ಮಾಡಿ ಒಳಗೆ ಹೋದೆ. ಏನಾಯಿತೆಂದು ಹಿಂದೆಯೇ ಬಂದು ಕೇಳಿದರು. ನಾನು ರೊಟ್ಟಿಯನ್ನು ಜೋರಾಗಿ ಬಡಿದೆ.

ಮಗ್ಗ ಶುರು ಮಾಡುವ ಮುಂಚೆ ಅದಕ್ಕೆ ವಿಭೂತಿ ಹಚ್ಚುವುದು ನಮ್ಮ ಮನೆಯ ರೂಢಿ. ಮರುದಿನ ಬೆಳಗ್ಗೆ ಅತ್ತೆ ಮಗ್ಗಗಳದ್ದು ಮುಗಿಸಿ ಬಣ್ಣದ ಕೋಣೆಗೆ ಬಂದರು. ಸ್ಟ್ಯಾಂಡಿಗೆ ಮೂರು ಬೆರಳು ಎಳೆದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ನೀರಲ್ಲಿ ಕಲಸಿದ ವಿಭೂತಿಯನ್ನು ಒಂದೊಂದು ಕಡ್ಡಿಗೂ ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ ಬಳಿಯತೊಡಗಿದರು. ನಾನು ಹತ್ತಿರ ಹೋಗಿ ನೋಡಿದೆ. ದಿನದಿನದ ವಿಭೂತಿ ಸುಟ್ಟು ಕಡ್ಡಿಯ ಮೇಲೆ ಗಟ್ಟಿ ಪದರವಾಗಿತ್ತು. ಉರಿ ತಾಗಿದರೂ ಕಡ್ಡಿಗೆ ತಿಳಿಯುತ್ತಿರಲಿಲ್ಲ.

ಅವರ ಕೈ ಹಿಡಿದೆ. ಒಲೆ ಆರುತ್ತಿರುವುದು ಇದರಿಂದಲೇ, ಇಲ್ಲಿ ಹಚ್ಚಬೇಡಿ ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಏರಿತ್ತು. ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ನಿನಗ ವಾಸನಿ ತಿಳಿಯೂದಿಲ್ಲಂತ ಇದಕ್ಕ ದಿನಾ ಹೇಳತಿದ್ನಿ ಯವ್ವಾ," ಅಂದರು. "ನಮ್ಮ ಹುಡುಗಿನ್ನ ಕಾಯ್ಕೊಂಡಿರಪಾ ಅಂತ."

ನಮ್ಮವರು ಹಲ್ಲುಜ್ಜುತ್ತ ಬಾಗಿಲಲ್ಲೇ ನಿಂತಿದ್ದರು. ಬ್ರಷ್ಷು ಬಾಯಲ್ಲೇ ಉಳಿಯಿತು. ನನ್ನ ಮುಖ ನೋಡಲಿಲ್ಲ. ಬಾಯಿ ತೊಳೆದು ಬಂದವರೇ ನೇರ ಕೊಟ್ಟಿದ್ದ ವೈರನ್ನು ಕಿತ್ತು, ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು. ನಾನು ಪಾಲಿಶ್ ಕಾಗದದಿಂದ ಕಡ್ಡಿಗಳನ್ನು ತಿಕ್ಕಿದೆ. ಒಲೆ ಹೊತ್ತಿತು, ಆರದೆ ಉರಿಯಿತು. ಅವರು ರಟ್ಟು ಬೀಸಿ ಉರಿ ಆರಿಸಿದರು. ವಾಲ್ವ್ ಟಕ್ಕೆಂದಿತು. ಅತ್ತೆ ಬಗ್ಗಿ ಮೂಗರಳಿಸಿ ನೋಡಿ, ಏನೂ ಇಲ್ಲ ಎಂದು ಕೈಯಾಡಿಸಿದರು.

"ಈಗ ಆತಲ್ಲ?" ಎಂದು ನಮ್ಮವರು ಮೆಲ್ಲಗೆ ಕೇಳಿದರು.

"ಇನ್ನೊಮ್ಮಿ ಆರಿಸ್ರಿ," ಅಂದೆ.

ಆರಿಸಿದರು.