ಕೊನೆಯ ಪುಟದ ಜಗಳ

ಕಾದಂಬರಿ ಹೇಗಿತ್ತು ಎಂದು ಯಾರನ್ನಾದರೂ ಕೇಳಿ ನೋಡಿ; ಎರಡು ಮಾತು ಕಾದಂಬರಿಯ ಬಗ್ಗೆ ಹೇಳಿ, ಮೂರನೆಯ ಮಾತಿಗೆ ತಮ್ಮ ಬಗ್ಗೆಯೇ ಶುರುಮಾಡುತ್ತಾರೆ. ಇದನ್ನು ನಾನು ಬಹುಕಾಲ ರಸಾಭಾಸವೆಂದೇ ಎಣಿಸಿದ್ದೆ. ಕೃತಿಯೆಂಬುದೇನು ಕನ್ನಡಿಯೇ, ಬಂದವರೆಲ್ಲ ಬೈತಲೆ ತಿದ್ದಿಕೊಂಡು ಹೋಗಲು, ಎಂದು ಗೊಣಗುತ್ತಿದ್ದೆ. ತಿದ್ದಿಕೊಳ್ಳಲು ನನ್ನ ತಲೆಯಲ್ಲಿ ಕೂದಲೇ ಉಳಿದಿರಲಿಲ್ಲವೆಂಬುದು ಆ ವೈರಾಗ್ಯಕ್ಕೆ ಒಂದು ಕಾರಣವಾಗಿದ್ದೀತು.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ದಿನಗಳವು. ಮೈಸೂರು ಸೀಮೆಯವನಾದ ನಾನು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ನೌಕರಿ ಹಿಡಿದು, ಹಿಮಾಯತ್‌ನಗರದ ಮಹಡಿಮನೆಯೊಂದರಲ್ಲಿ ಬಾಡಿಗೆಗಿದ್ದೆ. ವಾರವಿಡೀ ಹಿಂದಿ, ತೆಲುಗು ಆಡಿ ದಣಿದ ನಾಲಿಗೆಗೆ ಕನ್ನಡದ ವಿಶ್ರಾಂತಿ ಸಿಗಲೆಂದು ಭಾನುವಾರ ಸಂಜೆ ನಾವು ಐದು ಮಂದಿ ನನ್ನ ಮನೆಯಲ್ಲಿ ಸೇರುತ್ತಿದ್ದೆವು. ಕೆಲವು ವಾರಗಳಿಗೊಂದು ಕಾದಂಬರಿ. ಇರುವ ಒಂದೇ ಪ್ರತಿ ಎಲ್ಲರ ಮನೆಗೂ ಹೋಗಿಬಂದ ಮೇಲೆ ಚರ್ಚೆ.

ಆ ಸಲ ನಾನು ಕೊಟ್ಟದ್ದು ಹದಿನೆಂಟರ ಹರೆಯದಿಂದ ನಾನು ಎದೆಗವಚಿಕೊಂಡು ಬಂದಿದ್ದ ಹಳೆಯ ಕಾದಂಬರಿ. ವಿಧವೆ ತಾಯಿ ಮಗನ ಓದು ಬಿಡಿಸಿ ಸೋದರಮಾವನ ಕಿರಾಣಿ ಅಂಗಡಿಗೆ ಸೇರಿಸುತ್ತಾಳೆ. ಹುಡುಗ ಸಿಟ್ಟಿನಿಂದ ಮನೆ ಬಿಟ್ಟು ಹೋಗಿ, ಏಟು ತಿಂದು, ಬಿಟ್ಟ ಓದು ಮುಗಿಸಿ, ಮನುಷ್ಯನಾಗಿ, ಏಳು ವರ್ಷಗಳ ಮೇಲೆ ಮರಳಿ ಬರುತ್ತಾನೆ. ಬಾಗಿಲಿಗೆ ಬೀಗವಿರುತ್ತದೆ. ತಾಯಿ ತೀರಿಹೋಗಿ ಆಗಲೇ ವರ್ಷವಾಗಿದೆಯೆಂದು ನೆರೆಯವರು ಹೇಳುತ್ತಾರೆ. ಒಂದು ಕಣ್ಣೀರಿನ ಹನಿಯನ್ನೂ ವರ್ಣಿಸದೆ ಆ ಎರಡು ಪುಟಗಳನ್ನು ಬರೆದ ಲೇಖಕರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ನಮಸ್ಕರಿಸಿದ್ದೆನೋ.

ನನ್ನ ಭಕ್ತಿಗೆ ಮೊದಲ ಪೆಟ್ಟು ಕೊಟ್ಟವರು ಬಟ್ಟೆ ವ್ಯಾಪಾರಿ ವೀರಣ್ಣನವರು. "ಸ್ವಾದರಮಾವಂದೇನು ತಪ್ಪೈತ್ರಿ? ಅನ್ನ ಹಾಕಿ ಧಂಧೆ ಕಲಿಸಾಕತ್ತಿದ್ದ. ಅಂಥಾ ಮಾವ ನನಗಿದ್ದಿದ್ರ ನಾ ಇನ್ನೂ ಎರಡು ಅಂಗಡಿ ತೆಗೀತಿದ್ದೆ" ಎಂದರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಸರೋಜಾಳಿಗೆ ಕೋಪ ಬಂದದ್ದು ಹುಡುಗನ ಮೇಲೆಯೇ. "ಅವನ ಅಕ್ಕನ ಸಾಲಿ ಮೊದಲನೇ ಅಧ್ಯಾಯದಾಗೇ ಬಿಡಿಸ್ತಾರ. ಒಂದೇ ಸಾಲಿನ್ಯಾಗ! ಆಕಿ ಸಲುವಾಗಿ ಯಾರು ಮನಿ ಬಿಟ್ರು?" ಎಂದು ನನ್ನನ್ನೇ ಕೇಳಿದಳು. ಮೂವತ್ತು ವರ್ಷ ಓದಿದರೂ ಆ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಉಳಿದಿಬ್ಬರು ಗಂಡಹೆಂಡತಿ, ಕಲಬುರ್ಗಿ ಕಡೆಯ ಕಿಶನರಾಯರು ಮತ್ತು ರುಕ್ಮಾಬಾಯಿಯವರು. ರಾಯರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತವರು. ಮನೆಮಾತು ಕನ್ನಡವಾದರೂ ಕನ್ನಡ ಲಿಪಿ ಅವರಿಗೆ ಓದಲು ಬರುತ್ತಿರಲಿಲ್ಲ. ಆದ್ದರಿಂದ ಪ್ರತಿ ಪುಸ್ತಕವನ್ನೂ ರುಕ್ಮಾಬಾಯಿಯವರು ಮಧ್ಯಾಹ್ನ ಊಟವಾದ ಮೇಲೆ ಗಟ್ಟಿಯಾಗಿ ಓದುವರು, ರಾಯರು ಕಣ್ಣುಮುಚ್ಚಿ ಕೇಳುವರು. ಹದಿನಾರನೆಯ ವಯಸ್ಸಿಗೆ ಮನೆ ಬಿಟ್ಟು ಹೈದರಾಬಾದಿಗೆ ಓಡಿಬಂದವರೆಂದು ಅವರೇ ನಗುತ್ತ ಹೇಳಿದ್ದುಂಟು. ಅದರ ಮುಂದಿನ ಕಥೆಯನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ.

"ನನಗ ಕಡೀ ಭಾಗ ಭಾಳ ಛಲೋ ಅನಿಸ್ತು" ಎಂದರು ರಾಯರು. "ಏಳು ವರ್ಷ ಬಿಟ್ಟು ಬಂದ ಮಗನಿಗೆ ಒಂದು ಮಾತೂ ಕೇಳದ ಬಾಗಿಲಾ ತೆಗೀತಾಳಲ್ಲ ಆ ತಾಯಿ, ಹಂಗ ಬರೀಬೇಕ್ರಿ."

ವೀರಣ್ಣನವರು ಬಜ್ಜಿ ಹಿಡಿದ ಕೈಯನ್ನು ಬಾಯಿಯ ಬಳಿಯೇ ನಿಲ್ಲಿಸಿದರು. "ರಾಯರ, ಯಾವ ಪುಸ್ತಕ ಓದಿಸಿಕೊಂಡ್ರಿ? ತಾಯಿ ಸತ್ತು ವರ್ಷಾಗಿರ್ತೈತಿ!"

"ಇಲ್ಲರಿ. ಬಾಗಿಲಾ ತೆಗೀತಾಳ."

"ಶರತ್ತು ಕಟ್ಟತೀನಿ. ಸಾಹೇಬ್ರ, ಪುಸ್ತಕ ನಿಮ್ಮ ಕೈಯಾಗೇ ಐತಿ, ಓದ್ರಿ ಕಡೀ ಹಾಳಿ" ಎಂದರು ವೀರಣ್ಣನವರು.

ನಾನು ಪುಟ ತೆರೆದೆ. ಪಂಚಾಂಗದ ಮುದ್ರಣದೋಷವನ್ನೂ ತಿದ್ದದೆ ಬಿಡದವನೆಂಬ ಖ್ಯಾತಿ ನನ್ನದು. ನನ್ನ ಪ್ರಿಯ ಗ್ರಂಥಕ್ಕೆ ಆದ ಈ ಅಪಚಾರವನ್ನು ಸಹಿಸುವುದುಂಟೇ? ಆಗ ತಲೆಯೆತ್ತಿದೆ. ರುಕ್ಮಾಬಾಯಿಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಕಂಡೂ ಕಾಣದಷ್ಟು ತಲೆಯಾಡಿಸಿ, ಬೇಡ ಎಂದರು. ಯಾಕೆಂದು ತಿಳಿಯದಿದ್ದರೂ ಬಾಗಿಲು ತೆಗೆಯುವ ಆ ಕೊನೆಯನ್ನು ಕಟ್ಟಿದವರು ಯಾರೆಂದು ನನಗೆ ತಿಳಿಯಿತು.

"ಕನ್ನಡಕ ಎಲ್ಲಿಟ್ಟೆನೋ, ಅಕ್ಷರವೇ ಕಾಣುತ್ತಿಲ್ಲ" ಎಂದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ವೀರಣ್ಣನವರು ಬಾಯಿ ತೆರೆಯುವಷ್ಟರಲ್ಲಿ ಚುರುಕಿನ ಹುಡುಗಿ ಸರೋಜಾ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿಟ್ಟು, "ಚಹಾ ಆರಾಕತ್ತೈತಿ, ಕುಡೀರಿ ಅಣ್ಣಾರ" ಎಂದಳು.

ಹೆಂಗಸರಿಬ್ಬರೂ ಕಪ್ಪುಗಳನ್ನು ಒಳಗಿಡಲು ಹೋದಾಗ ರಾಯರು ನನ್ನನ್ನು ಬಾಲ್ಕನಿಗೆ ಕರೆದರು. ಕೆಳಗೆ ಡಬಲ್ ಡೆಕ್ಕರ್ ಬಸ್ಸು ವಾಲಾಡುತ್ತ ಹೋಯಿತು. "ನಾ ತಿರುಗಿ ಊರಿಗೆ ಹೋದಾಗ ಅವ್ವ ಇರಲಿಲ್ಲ" ಎಂದರು. "ಹನ್ನೊಂದು ದಿನಾ ತಡಾ ಆಗಿತ್ತು. ಅದು ನಮ್ಮಾಕಿಗೆ, ರುಕ್ಮಾಬಾಯಿಗೆ, ಗೊತ್ತದ."

ಒಳಗೆ ಕೇಳಿಸದಂತೆ ನಾನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದೆ.

"ಆಕಿ ಕಡೀ ಭಾಗ ಓದೂ ಮುಂದ ಹಾಳಿ ತಿರುವಿದ ಸಪ್ಪಳ ಬರಲಿಲ್ಲರಿ. ಅಷ್ಟುದ್ದದ ಕಥಿ ಒಂದ ಹಾಳ್ಯಾಗ ಹೆಂಗ ಹಿಡೀತದ? ಓದೂದು ಬಿಟ್ಟು ಹೇಳ್ಲಿಕತ್ತಾಳ ಅಂತ ಗೊತ್ತಾತು. ಆದ್ರ ಆ ಬಾಗಿಲಾ ತೆಗೆಯೋ ಸಪ್ಪಳ, ದೇವರಾಣಿ, ನಂಗ ಕೇಳಿಸ್ತು." ಸ್ವಲ್ಪ ತಡೆದು ನಕ್ಕರು. "ಮರುದಿನಾ ಅದ ಜಾಗ ಇನ್ನೊಮ್ಮೆ ಓದು ಅಂದೆ. ಪಾಪ, ಪುಸ್ತಕ ನೋಡಕೋತ ಮತ್ತ ಹೊಸದಾಗಿ ಕಟ್ಟಿದಳು. ನಿನ್ನೆ ತಾಯಿ ಕೈಯಾಗ ಕಂದೀಲ ಇತ್ತಲ್ಲ ಅಂದ್ರ, ಹೌದು, ಇಲ್ಲೇ ಅದ, ಬಿಟ್ಟಿದ್ದೆ ಅಂದಳು."

ಅವರೆಲ್ಲ ಹೋದ ಮೇಲೆ ನಾನು ಆ ಎರಡು ಪುಟಗಳನ್ನು ಮತ್ತೆ ಓದಿದೆ. ಲೇಖಕರ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಆ ಬೀಗ ಅಲ್ಲಿ ಇರಲೇಬೇಕಾದದ್ದು. ಆ ಬೀಗ ಅಷ್ಟು ಗಟ್ಟಿಯಾಗಿದ್ದುದರಿಂದಲೇ ಅಲ್ಲವೇ ರುಕ್ಮಾಬಾಯಿಯಂಥವರು ಅದನ್ನು ತೆಗೆಯಲು ಹೊರಟದ್ದು? ಹಾಗೆ ಯೋಚಿಸಿದಾಗ ಲೇಖಕರ ಮೇಲಿನ ನನ್ನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಮುಂದಿನ ಭಾನುವಾರ ಹೊಸ ಕಾದಂಬರಿ ಹೊರಗೆ ತೆಗೆದೆ. ಹಿಂದಿನ ಶರತ್ತನ್ನು ಮರೆಯದ ವೀರಣ್ಣನವರು, "ಇದರ ಕಡೀಗೆ ಸುಖಾ ಐತೋ ದುಃಖಾ ಐತೋ, ಮೊದಲೇ ಹೇಳಿಬಿಡ್ರಿ" ಎಂದರು. ನಾನು ಉತ್ತರ ಕೊಡುವ ಮೊದಲೇ ಕಿಶನರಾಯರು ಕೈಚಾಚಿ ಪುಸ್ತಕ ತೆಗೆದುಕೊಂಡು ಹೆಂಡತಿಯ ಮಡಿಲಲ್ಲಿಟ್ಟರು.

"ಅದು ಇಕಿ ಕೈಯಾಗ ಅದರಿ" ಎಂದರು.

ರುಕ್ಮಾಬಾಯಿಯವರು ಗಂಡನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.