‘ಸಾಕು’ ಎನ್ನದ ಶರಣಮ್ಮ ಟೀಚರ್

ಊಟಕ್ಕೆ ಕುಳಿತಾಗ ‘ಸಾಕು’ ಎನ್ನುವ ಅಭ್ಯಾಸವೇ ಶರಣಮ್ಮ ಟೀಚರಿಗೆ ಇರಲಿಲ್ಲ. ತೆಲುಗು ನಾಡಿನ ಗಡಿಯಲ್ಲಿರುವ ನಮ್ಮ ಮಕ್ತಲ್ ಕಡೆ ಹೋಳಿಗೆ ಬಡಿಸಲು ಬಂದವರಿಗೆ ಮೊದಲು ಬೇಡ ಬೇಡ ಎಂದು, ಆಮೇಲೆ ಒತ್ತಾಯಕ್ಕೆ ಹಾಕಿಸಿಕೊಳ್ಳುವುದೇ ಮರ್ಯಾದೆ. ಟೀಚರ್ ಮಾತ್ರ ಕೇಳುವ ಮೊದಲೇ, ‘ಇನ್ನೊಂದು ಹಾಕವ್ವ, ತುಪ್ಪಾನೂ ತಾ’ ಎನ್ನುತ್ತಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ನಕ್ಕಿದ್ದೇನೆ.

ಅವರು ನಮ್ಮ ಕನ್ನಡ ಶಾಲೆಯ ಟೀಚರ್. ಎತ್ತರದ ಆಳು, ದನಿ ಅದಕ್ಕಿಂತ ಎತ್ತರ. ಶಾಲೆ ಮುಗಿಸಿ ಹೋದ ಹುಡುಗಿಯರನ್ನೂ ಬಿಡುತ್ತಿರಲಿಲ್ಲ. ಯಾರು ಏನು ಓದುತ್ತಿದ್ದಾರೆ, ಯಾರ ಓದು ನಿಂತಿತು, ಎಲ್ಲ ಅವರಿಗೆ ಬೇಕು. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನಲು ಅವರಿಗೆ ನಾಚಿಕೆಯಿರಲಿಲ್ಲ. ಆಫೀಸಿನ ಗುಮಾಸ್ತರು ಮುಖ ಗಂಟಿಕ್ಕಿದಷ್ಟೂ ‘ಅರ್ಥಂ ಕಾಲೇದು ಸಾರ್, ಮಳ್ಳಿ ಚೆಪ್ಪಂಡಿ’ ಎಂದು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿಸುತ್ತಿದ್ದರು. ಯೂನಿವರ್ಸಿಟಿ ಸೇರಲು ಪ್ರವೇಶ ಪರೀಕ್ಷೆ, ರ‍್ಯಾಂಕು, ಸರ್ಟಿಫಿಕೇಟ್ ತಪಾಸಣೆ, ಆಮೇಲೆ ಬೇಕಾದ ಕಾಲೇಜುಗಳನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ತುಂಬುವುದು, ಇದೆಲ್ಲ ಅವರು ಹೀಗೆ ಕೇಳಿ ಕೇಳಿ ಕಲಿತದ್ದು.

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ ನಾನು ನಾರಾಯಣಪೇಟೆಯಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಹೈದರಾಬಾದಿನ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಓದಬೇಕೆಂದು ಜೀವ ಹಾತೊರೆಯುತ್ತಿತ್ತು. ರ‍್ಯಾಂಕೂ ಚೆನ್ನಾಗಿಯೇ ಬಂದಿತ್ತು. ಕಾಲೇಜುಗಳ ಹೆಸರು ತುಂಬಲು ಇಂಟರ್ನೆಟ್ ಅಂಗಡಿಗೆ ಅಪ್ಪ ಬಂದರು, ಟೀಚರನ್ನೂ ಕರೆದಿದ್ದೆ. ಅಪ್ಪ ಹತ್ತಿರದ ಪಾಲಮೂರಿನ ಕಾಲೇಜನ್ನು ಮೊದಲು ಹಾಕಿಸಿ, ಹೈದರಾಬಾದನ್ನು ಕೊನೆಗೆ ಇಡಿಸಿದರು. ದೊಡ್ಡದನ್ನೇ ಮೊದಲು ಕೇಳಿದರೆ ದುರಾಸೆ, ಇರುವುದೂ ಕೈಬಿಟ್ಟು ಹೋದೀತು ಎಂಬುದು ಅವರ ಹೆದರಿಕೆ. ನನಗೆ ಅಳು ಬಂತು, ಟೀಚರ್ ಕಡೆ ನೋಡಿದೆ.

‘ಅಣ್ಣಾ, ಇದು ಊಟದ ಪಂಕ್ತಿ ಅಲ್ರಿ’ ಎಂದರು ಟೀಚರ್. ‘ಅಲ್ಲಿ ಬ್ಯಾಡ ಅಂದ್ರೂ ಕೈ ಹಿಡಿದು ಬಡಸ್ತಾರ. ಕಂಪ್ಯೂಟರಿಗೆ ಒತ್ತಾಯ ಮಾಡಾಕ ಬರಂಗಿಲ್ಲ. ಸಣ್ಣದು ಮೊದ್ಲ ಬರದ್ರ ಸಣ್ಣದ ಕೊಟ್ಟು ಮುಂದ ಹೋಗತೈತಿ. ದೊಡ್ಡದು ಮೊದ್ಲ ಬರಸ್ರಿ. ಅದು ಸಿಗಲಿಲ್ಲಂದ್ರ ಸಣ್ಣದು ಎಲ್ಲಿಗೂ ಓಡಿ ಹೋಗಂಗಿಲ್ಲ.’

ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸಲಿ ಎಂದು ಅಪ್ಪ ಗೊಣಗಿದರು.

‘ಅಂಜಿಕಿ ಎರಡ್ನೇ ನಂಬರಿಗೆ ಇಡ್ರಿ. ಮೊದ್ಲ ನಂಬರು ಆಕಿ ಆಸೆದು.’

ಅಪ್ಪ ನನ್ನ ಮುಖ ನೋಡಿದರು. ಕೊನೆಗೆ ಅಂಗಡಿಯವನಿಗೆ ಬದಲಿಸಲು ಹೇಳಿದರು. ಸೀಟು ಹೈದರಾಬಾದಿನಲ್ಲೇ ಸಿಕ್ಕಿತು.

ಸೇರುವ ದಿನ ಅಪ್ಪನಿಗೆ ಜ್ವರ. ಟೀಚರೇ ಜೊತೆಗೆ ಬಂದರು. ಅವರೂ ಆ ಯೂನಿವರ್ಸಿಟಿಯನ್ನು ಅಂದೇ ಮೊದಲ ಸಲ ನೋಡುತ್ತಿದ್ದಾರೆಂದು ನನಗೆ ತಿಳಿದದ್ದು ಅವರು ಗೇಟಿನಲ್ಲಿ ದಾರಿ ಕೇಳಿದಾಗ. ಕೆಲಸ ಮುಗಿದ ಮೇಲೆ ಖಾಲಿ ಕ್ಲಾಸ್ ರೂಮೊಂದರ ಮುಂದಿನ ಬೆಂಚಿನಲ್ಲಿ ಕುಳಿತರು. ಬಹಳ ಹೊತ್ತು ಏಳಲೇ ಇಲ್ಲ. ನೀವ್ಯಾಕೆ ಇಲ್ಲಿ ಓದಲಿಲ್ಲ ಟೀಚರ್ ಎಂದು ಕೇಳಿದೆ.

‘ಸಿಗಂಗಿಲ್ಲ ಅಂತ ಎಲ್ರೂ ಹೇಳಿದ್ರವ್ವ’ ಎಂದರು. ‘ಕೇಳಿ ನೋಡು ಅಂತ ಯಾರೂ ಹೇಳಲಿಲ್ಲ.’

ಆಮೇಲೆ ನಾನು ಅವರನ್ನು ನೋಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎದೆನೋವು ಬಂದು ತೀರಿಕೊಂಡರು. ಅವರು ಕೇಳದೆಯೇ ಕಳೆದುಕೊಂಡ ಸೀಟಿನಲ್ಲಿ ಕುಳಿತು ನಾನು ಎಂ.ಎಸ್ಸಿ. ಮುಗಿಸಿದೆ.